ದಾವಣಗೆರೆ–ಚಿತ್ರದುರ್ಗದ ಬಿಸಿಲಿಗೆ ಯಾವ ರೈಡಿಂಗ್ ಜಾಕೆಟ್ ತಗೊಳ್ಳಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ದಾವಣಗೆರೆಯಿಂದ ಚಿತ್ರದುರ್ಗಕ್ಕೆ ವಾರಕ್ಕೆ ಐದು ದಿನ ಬೈಕಿನಲ್ಲಿ ಹೋಗಿ ಬರುತ್ತೀರಿ. ಬೆಳಿಗ್ಗೆ ಎಂಟಕ್ಕೆ ಹೊರಟು ಮಧ್ಯಾಹ್ನ ಮೂರಕ್ಕೆ ವಾಪಸ್. ಬಜೆಟ್ ಎಂಟು ಸಾವಿರ. ಮೆಶ್ (ಬಲೆಯಂಥ ತೂತು ಬಟ್ಟೆಯ) ಜಾಕೆಟ್ ಬಿದ್ದ ತಕ್ಷಣ ಹರಿದುಹೋಗುತ್ತೆ ಅಂತ ಒಬ್ಬ ಗೆಳೆಯರು, ದಪ್ಪ ಬಟ್ಟೆಯದು ಹಾಕಿದರೆ ಬೆಂದುಹೋಗ್ತೀರಿ ಅಂತ ಇನ್ನೊಬ್ಬರು ಹೇಳಿದ್ದಾರೆ.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೆಶ್ ಜಾಕೆಟ್ಟೇ ತಗೊಳ್ಳಿ. ಆದರೆ ಭುಜ, ಮೊಣಕೈ ಮತ್ತು ಮುಂಗೈಯ ಹೊರಮೈ ಗಟ್ಟಿ ಬಟ್ಟೆಯದಾಗಿರಲಿ, ಎದೆ, ಬೆನ್ನು, ತೋಳಿನ ಒಳಮೈ ಮಾತ್ರ ಮೆಶ್ ಇರಲಿ. ಮಧ್ಯಾಹ್ನದ ಪ್ರಯಾಣಕ್ಕೆ ಜಾಕೆಟ್ ಒಂದೇ ಸಾಲದು, ಒಳಗಿನ ಬಟ್ಟೆಯನ್ನು ಒದ್ದೆ ಮಾಡಿಕೊಂಡೇ ಹೊರಡಬೇಕು. ಇದು ಯಾಕೆ ಅನ್ನುವುದು ಅರ್ಥವಾದರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ದಾರಿ ತಪ್ಪಿಸಲಾರರು.

ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗಿನ ಗಾಳಿ 30 ಡಿಗ್ರಿ ಇದ್ದಾಗ ಮೆಶ್ ಮೂಲಕ ನುಗ್ಗಿದ ಗಾಳಿ ಮೈಯ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ, ಹಾಯೆನಿಸುತ್ತದೆ. ಬೆಳಿಗ್ಗೆ ನೀವು ಹೋಗುವಾಗ ಆಗುವುದು ಇದೇ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಗಾಳಿ 38, 39 ಡಿಗ್ರಿಗೆ ಏರಿದಾಗ ಲೆಕ್ಕ ಉಲ್ಟಾ ಆಗುತ್ತದೆ. ಗಾಳಿಯೇ ಚರ್ಮಕ್ಕಿಂತ ಬಿಸಿ. ಅದು ಎಷ್ಟು ಜೋರಾಗಿ ನುಗ್ಗಿದರೆ ಅಷ್ಟು ಬಿಸಿಯನ್ನು ಮೈಗೆ ತಂದು ಸುರಿಯುತ್ತದೆ, ಒಲೆಯ ಬಾಯಿ ಮುಂದೆ ಕೂತ ಹಾಗೆ. ಆಗ ಮೈ ತಣಿಯಲು ಉಳಿದಿರುವ ದಾರಿ ಒಂದೇ: ಬೆವರು ಆರುವುದು. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು 2,400 ಕಿಲೋಜೂಲ್ ಶಾಖ ಬೇಕು, ಅದರಲ್ಲಿ ದೊಡ್ಡ ಪಾಲು ನಿಮ್ಮ ಮೈಯಿಂದಲೇ ಹೋಗುತ್ತದೆ. ನಮ್ಮ ಸೀಮೆಯ ಬೇಸಿಗೆ ಒಣ ಬೇಸಿಗೆಯಾದ್ದರಿಂದ ಇದು ಇಲ್ಲಿ ಚೆನ್ನಾಗಿ ನಡೆಯುತ್ತದೆ. ಮಂಗಳೂರಿನ ಕಡೆಯ ಜಿಗುಟು ಸೆಕೆಯಲ್ಲಿ ಇದೇ ಉಪಾಯ ಅಷ್ಟು ಫಲ ಕೊಡುವುದಿಲ್ಲ.

ತೊಂದರೆ ಏನೆಂದರೆ, ಪೂರ್ತಿ ಮೆಶ್ ಜಾಕೆಟ್ ಹಾಕಿಕೊಂಡು 70ರ ವೇಗದಲ್ಲಿ ಹೋಗುವಾಗ ಬೆವರು ಹುಟ್ಟಿದ ಕ್ಷಣವೇ ಆರಿಹೋಗುತ್ತದೆ. ಮೈ ಒಣಗಿದಂತೆ ಕಾಣುತ್ತದೆ, ನಾನು ಬೆವರುತ್ತಲೇ ಇಲ್ಲ ಅನಿಸುತ್ತದೆ, ನೀರು ಮಾತ್ರ ದೇಹದಿಂದ ಸೋರಿಹೋಗುತ್ತಲೇ ಇರುತ್ತದೆ. ಅದಕ್ಕೇ ಮಧ್ಯಾಹ್ನ ಹೊರಡುವ ಮುಂಚೆ ಒಳಗಿನ ಟೀ ಶರ್ಟನ್ನು ಪೂರ್ತಿ ನೆನೆಸಿ, ಹಿಂಡಿ, ನೀರು ತೊಟ್ಟಿಕ್ಕದ ಹಾಗೆ ಹಾಕಿಕೊಳ್ಳಿ. ಚಿತ್ರದುರ್ಗ ಬಿಡುವಾಗ ಒಮ್ಮೆ, ಭರಮಸಾಗರದಲ್ಲಿ ನಿಲ್ಲಿಸಿ ಇನ್ನೊಮ್ಮೆ. ಎದೆಯ ಮೇಲಿನ ಗಾಳಿಗಂಡಿಯನ್ನು ಮುಚ್ಚಿ ತೆರೆಯುವ ಜಿಪ್ ಇರುವ ಜಾಕೆಟ್ ಆದರೆ ಅದನ್ನು ಅರ್ಧ ಮುಚ್ಚಿ. ಗಾಳಿ ಕಡಿಮೆಯಾದರೆ ಒದ್ದೆ ಹೆಚ್ಚು ಹೊತ್ತು ಉಳಿಯುತ್ತದೆ. ಕತ್ತಿಗೆ ಒಂದು ಒದ್ದೆ ಹತ್ತಿ ವಸ್ತ್ರ ಸುತ್ತಿಕೊಂಡರೆ ಇನ್ನೂ ಒಳ್ಳೆಯದು, ಆದರೆ ಅದರ ತುದಿ ಹೊರಗೆ ಹಾರಾಡದಂತೆ ಕಾಲರ್ ಒಳಗೆ ಸಿಕ್ಕಿಸಿ. ತಲೆ ಸುತ್ತು, ವಾಂತಿ ಬಂದ ಹಾಗೆ ಆಗುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಇನ್ನು ಹತ್ತೇ ಕಿಲೋಮೀಟರ್ ಅಂತ ಎಳೆಯಬೇಡಿ. ನೆರಳಿಗೆ ಹೋಗಿ, ಜಾಕೆಟ್ ಬಿಚ್ಚಿ, ಮೈ ಒದ್ದೆ ಮಾಡಿ, ಒಆರ್‌ಎಸ್ ಕುಡಿಯಿರಿ. ಮಾತು ತೊದಲಿದರೆ, ಗೊಂದಲವಾದರೆ 108ಕ್ಕೆ ಕರೆ ಮಾಡಿಸಿ.

ಇನ್ನು ಹರಿಯುವ ವಿಷಯ. ಬಿದ್ದಾಗ ರಸ್ತೆಗೆ ಮೊದಲು ತಗಲುವುದು ಭುಜ, ಮೊಣಕೈ, ಮುಂಗೈ, ಸೊಂಟದ ಪಕ್ಕ. ಅಲ್ಲಿ ಮೆಶ್ ಇದ್ದರೆ ಅದರ ತೂತುಗಳಿಗೆ ಜಲ್ಲಿಯ ಮೊನೆ ಸಿಕ್ಕಿಕೊಂಡು ಬಟ್ಟೆ ಉಜ್ಜುವ ಬದಲು ಕಿತ್ತುಬರುತ್ತದೆ. ಅದಕ್ಕೇ ಆ ಜಾಗಗಳಲ್ಲಿ 500 ಡೆನಿಯರ್‌ಗಿಂತ ಕಡಿಮೆಯಿಲ್ಲದ ನೈಲಾನ್, ಅಂದರೆ ಕಾರ್ಡುರಾ ತರಹದ್ದು, ಅಥವಾ ಕನಿಷ್ಠ 600 ಡೆನಿಯರ್ ಪಾಲಿಯೆಸ್ಟರ್ ಇರಬೇಕು. ಡೆನಿಯರ್ ಅಂದರೆ ನೂಲಿನ ದಪ್ಪದ ಲೆಕ್ಕ. ಒಂದೇ ಡೆನಿಯರ್‌ನ ನೈಲಾನ್ ಪಾಲಿಯೆಸ್ಟರ್‌ಗಿಂತ ಹೆಚ್ಚು ಉಜ್ಜಾಟ ತಡೆಯುತ್ತದೆ. ಮೆಶ್‌ನಲ್ಲೂ ದೊಡ್ಡ ಕಣ್ಣಿನದ್ದಕ್ಕಿಂತ ಸಣ್ಣ ಕಣ್ಣಿನ, ಒತ್ತಾದ ನೇಯ್ಗೆಯದ್ದು ಮೇಲು. ಗಾಳಿ ಸ್ವಲ್ಪ ಕಡಿಮೆಯಾಗಬಹುದು, ಆದರೆ ಬೆರಳ ತುದಿ ತೂರುವಂಥ ಬಲೆ ಇರುವ ಜಾಕೆಟ್ ನನಗೆ ಬೇಡವೇ ಬೇಡ.

ಬಟ್ಟೆಗಿಂತ ಮೊದಲು ಸೋಲುವುದು ಹೊಲಿಗೆ. ಅಂಗಡಿಯಲ್ಲಿ ಜಾಕೆಟ್ಟನ್ನು ಒಳಮಗ್ಗುಲು ತಿರುಗಿಸಿ. ಲೈನಿಂಗ್ ಸರಿಸಿ ಭುಜ ಮತ್ತು ತೋಳು ಕೂಡುವ ಜಾಗ ಹುಡುಕಿ. ಎರಡು ಹೆಬ್ಬೆರಳುಗಳಿಂದ ಹೊಲಿಗೆಯ ಆಚೀಚೆ ಹಿಡಿದು ಜೋರಾಗಿ ಎಳೆಯಿರಿ. ಒಂದೇ ಸಾಲಿನ ಹೊಲಿಗೆಯಾದರೆ ದಾರಗಳು ಹಲ್ಲು ಕಿರಿದಂತೆ ಕಾಣುತ್ತವೆ, ನಡುವೆ ಬೆಳಕು ತೂರುತ್ತದೆ. ಅದನ್ನು ಅಲ್ಲೇ ಬಿಟ್ಟು ಬನ್ನಿ. ಎರಡು ಅಥವಾ ಮೂರು ಸಾಲು ಇದ್ದು, ಅದರಲ್ಲಿ ಒಂದಾದರೂ ಸಾಲು ಹೊರಗಿನಿಂದ ಕಾಣದಂತೆ ಒಳಗೆ ಇದ್ದರೆ ಸರಿ. ಹೊರಗಿನ ಹೊಲಿಗೆ ರಸ್ತೆಗೆ ಉಜ್ಜಿ ಸವೆದರೂ ಒಳಗಿನದ್ದು ಹಿಡಿದಿರುತ್ತದೆ. ಮೆಶ್ ಮತ್ತು ಗಟ್ಟಿ ಬಟ್ಟೆ ಕೂಡುವ ಅಂಚನ್ನೂ ಹೀಗೇ ಎಳೆದು ನೋಡಿ.

ಇದೆಲ್ಲ ಕೈಯಳತೆಯ ಪರೀಕ್ಷೆ. ನಿಜವಾದ ಅಳತೆ ಒಳಗಿನ ಲೇಬಲ್‌ನಲ್ಲಿದೆ. ನಮ್ಮ ದೇಶದಲ್ಲಿ ಹೆಲ್ಮೆಟ್‌ಗೆ ಐಎಸ್‌ಐ ಗುರುತು ಕಡ್ಡಾಯ, ಜಾಕೆಟ್‌ಗೆ ಹಾಗೆ ಯಾವುದೂ ಕಡ್ಡಾಯವಿಲ್ಲ. ಹಾಗಾಗಿ ಯುರೋಪಿನ ಮಾನದಂಡವೇ ಆಸರೆ. ಜಾಕೆಟ್ಟಿನ ಮಟ್ಟಿಗೆ ಅದು ಇಎನ್ 17092. ಬೈಕ್ ಸವಾರನ ಪುಟ್ಟ ಚಿತ್ರ, ಅದರ ಜೊತೆ ಎಎಎ, ಎಎ, ಎ, ಬಿ, ಸಿ ಇವುಗಳಲ್ಲಿ ಒಂದು ದರ್ಜೆ ಇರುತ್ತದೆ. ಎಎಎ ಎಲ್ಲಕ್ಕಿಂತ ಗಟ್ಟಿ, ನಮ್ಮ ಬಿಸಿಲಿಗೆ ಭಾರ. ಬಿ ಅಂದರೆ ಬಟ್ಟೆ ಎ ದರ್ಜೆಯದ್ದೇ, ಆದರೆ ಆರ್ಮರ್ (ಪೆಟ್ಟು ತಡೆಯುವ ಪ್ಯಾಡ್) ಇಲ್ಲ. ಸಿ ಅಂದರೆ ಆರ್ಮರ್ ಹಿಡಿದಿಡುವ ಬಲೆ ಅಂಗಿ ಮಾತ್ರ, ಉಜ್ಜಾಟದಿಂದ ರಕ್ಷಣೆ ಲೆಕ್ಕಕ್ಕಿಲ್ಲ. ಅದನ್ನು ಒಂಟಿಯಾಗಿ ಹಾಕಿಕೊಂಡು ಹೆದ್ದಾರಿಗೆ ಇಳಿಯಬೇಡಿ. ಮಾನದಂಡದ ಸಂಖ್ಯೆಯ ಬಾಲವೂ ಇದನ್ನೇ ಹೇಳುತ್ತದೆ: 17092-3 ಅಂದರೆ ಎಎ, 17092-4 ಅಂದರೆ ಎ. ನಿಮ್ಮ ಬಜೆಟ್ಟಿನ ಮೆಶ್ ಜಾಕೆಟ್‌ಗಳಲ್ಲಿ ಲೇಬಲ್ ಇದ್ದರೆ ಹೆಚ್ಚಾಗಿ ಎ ಇರುತ್ತದೆ. ದಿನವೂ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ನಡುವೆ ಓಡಾಡುವವರು ಇನ್ನೆರಡು ತಿಂಗಳು ಕಾದು ದುಡ್ಡು ಕೂಡಿಸಿ ಎಎ ತಗೊಂಡರೂ ನಾನು ಬೇಡ ಅನ್ನುವುದಿಲ್ಲ. ಆದರೆ ಆ ಎರಡು ತಿಂಗಳು ಬರೀ ಅಂಗಿಯಲ್ಲಿ ಓಡಾಡುವ ಹಾಗಿದ್ದರೆ ಇವತ್ತೇ ಎ ತಗೊಳ್ಳಿ.

ಇಲ್ಲೊಂದು ಎಚ್ಚರ. ಜಾಕೆಟ್ಟಿನ ಜಾಹೀರಾತಿನಲ್ಲಿ ‘ಸಿಇ ಸರ್ಟಿಫೈಡ್’ (ಸಿಇ ಅಂದರೆ ಯುರೋಪಿನ ಮಾನದಂಡದ ಗುರುತು) ಎಂದು ದೊಡ್ಡದಾಗಿ ಬರೆದಿದ್ದರೆ, ಎಷ್ಟೋ ಸಲ ಆ ಮಾತು ಒಳಗಿನ ಆರ್ಮರ್‌ಗೆ ಮಾತ್ರ ಸಲ್ಲುತ್ತದೆ, ಬಟ್ಟೆಗೆ ಅಲ್ಲ. ಎರಡನ್ನೂ ಬೇರೆ ಬೇರೆ ಕೇಳಿ.

ಆರ್ಮರ್‌ಗೆ ಬರೋಣ, ಇಲ್ಲಿ ಬಿಸಿಲಿಗೂ ನೇರ ಸಂಬಂಧ ಇದೆ. ಭುಜ, ಮೊಣಕೈಯ ಪ್ಯಾಡ್‌ಗಳ ಮಾನದಂಡ ಇಎನ್ 1621-1, ಬೆನ್ನಿನದ್ದು 1621-2. ಪರೀಕ್ಷೆಯಲ್ಲಿ ಐದು ಕೆಜಿ ತೂಕವನ್ನು ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದಿಂದ ಪ್ಯಾಡ್ ಮೇಲೆ ಬೀಳಿಸಿ, ಆಚೆ ಬದಿಗೆ ಎಷ್ಟು ಬಲ ದಾಟಿತು ಎಂದು ಅಳೆಯುತ್ತಾರೆ. ಭುಜ, ಮೊಣಕೈಗೆ ಲೆವೆಲ್ 1 ಅಂದರೆ ಸರಾಸರಿ 35 ಕಿಲೋನ್ಯೂಟನ್ (ಬಲದ ಅಳತೆ) ಒಳಗೆ, ಲೆವೆಲ್ 2 ಅಂದರೆ 20ರ ಒಳಗೆ. ಬೆನ್ನಿಗೆ ಲೆವೆಲ್ 1 ಅಂದರೆ 18, ಲೆವೆಲ್ 2 ಅಂದರೆ 9. ಬೆಲೆಯ ವ್ಯತ್ಯಾಸಕ್ಕಿಂತ ಪೆಟ್ಟಿನ ವ್ಯತ್ಯಾಸ ಬಹಳ ದೊಡ್ಡದು, ಅದಕ್ಕೇ ಲೆವೆಲ್ 2 ಎಂದೇ ಹಟ ಹಿಡಿಯಿರಿ. ಪ್ಯಾಡನ್ನು ಜೇಬಿನಿಂದ ಹೊರಗೆ ತೆಗೆದರೆ ಅದರ ಮೇಲೇ ಅಚ್ಚು ಇರುತ್ತದೆ: ಸವಾರನ ಚಿತ್ರ, ಮಾನದಂಡದ ಸಂಖ್ಯೆ, ಲೆವೆಲ್, ಭುಜಕ್ಕೆ ಎಸ್, ಮೊಣಕೈಗೆ ಇ. ಅದರ ಪಕ್ಕದಲ್ಲಿ ‘ಟಿ ಪ್ಲಸ್’ ಗುರುತು ಇದೆಯಾ ನೋಡಿ. ಟಿ ಪ್ಲಸ್ ಅಂದರೆ ಆ ಪ್ಯಾಡ್ 40 ಡಿಗ್ರಿ ಬಿಸಿಯಲ್ಲೂ ಪರೀಕ್ಷೆ ಪಾಸಾಗಿದೆ ಎಂದು. ಈಗಿನ ಮೆತ್ತನೆಯ ಪ್ಯಾಡ್‌ಗಳು ಬಿಸಿಗೆ ಇನ್ನಷ್ಟು ಮೆದುವಾಗುತ್ತವೆ, ಪೆಟ್ಟು ತಡೆಯುವ ಶಕ್ತಿಯಲ್ಲಿ ಅಷ್ಟು ಕಳೆದುಕೊಳ್ಳುತ್ತವೆ. ಟಿ ಪ್ಲಸ್ ಪರೀಕ್ಷೆ ಐಚ್ಛಿಕವಾದ್ದರಿಂದ ಎಲ್ಲ ಕಂಪನಿಗಳೂ ಮಾಡಿಸುವುದಿಲ್ಲ. ನಮ್ಮೂರಿನವರು ಮಾತ್ರ ಕೇಳಿಯೇ ತಗೊಳ್ಳಬೇಕು.

ಬೆನ್ನಿನ ಜೇಬಿಗೆ ಕೈ ಹಾಕಿದರೆ ನಿಮಗೆ ಬೇಸರವಾಗಬಹುದು. ಕಡಿಮೆ ಬೆಲೆಯ ಎಷ್ಟೋ ಜಾಕೆಟ್‌ಗಳಲ್ಲಿ ಅಲ್ಲಿರುವುದು ಹಗುರ ಸ್ಪಂಜಿನ ಹಾಳೆ. ಅದು ಆಕಾರಕ್ಕೆ ಇಟ್ಟದ್ದು, ಬೆನ್ನೆಲುಬು ಕಾಯುವುದಿಲ್ಲ. ಹಾಗಾಗಿ ಎಂಟು ಸಾವಿರದಲ್ಲಿ ಆರು, ಆರೂವರೆ ಜಾಕೆಟ್ಟಿಗೆ, ಉಳಿದದ್ದು ತೂತುಗಳಿರುವ ಲೆವೆಲ್ 2 ಬ್ಯಾಕ್ ಪ್ಯಾಡ್‌ಗೆ ಎಂದು ಈಗಲೇ ಪಾಲು ಮಾಡಿಕೊಳ್ಳಿ. ಪ್ಯಾಡ್ ಕೊಳ್ಳುವ ಮುಂಚೆ ಜೇಬಿನ ಉದ್ದ–ಅಗಲ ಟೇಪಿನಲ್ಲಿ ಅಳೆಯಿರಿ, ಒಂದು ಕಂಪನಿಯ ಜೇಬಿಗೆ ಇನ್ನೊಂದರ ಪ್ಯಾಡ್ ಕೂರದೇ ಹೋಗಬಹುದು. ರೈನಾಕ್ಸ್, ವಯಾಟೆರ್ರಾ, ರೈಡಾ, ಸೋಲೇಸ್, ರಾಯಲ್ ಎನ್‌ಫೀಲ್ಡ್ ಇವರೆಲ್ಲ ಮೆಶ್ ಜಾಕೆಟ್ ಮಾಡುತ್ತಾರೆ. ಮಾಡೆಲ್ ಹೆಸರು ಹೇಳಿ ನಿಮ್ಮನ್ನು ಕಟ್ಟಿಹಾಕುವುದಿಲ್ಲ, ವರ್ಷ ವರ್ಷ ಬದಲಾಗುತ್ತವೆ. ಲೇಬಲ್ ಓದಲು ಕಲಿತರೆ ಸಾಕು.

ಅಳತೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಸೆಕೆಗೆ ಸಡಿಲ ಇರಲಿ ಅಂತ ಒಂದು ಸೈಜ್ ದೊಡ್ಡದು ತಗೊಳ್ಳುತ್ತಾರೆ. ಸಡಿಲ ಜಾಕೆಟ್ ಚಿತ್ರದುರ್ಗದ ಹತ್ತಿರ ಗಾಳಿಯಂತ್ರಗಳಿರುವ ಗುಡ್ಡಗಳ ಬದಿಯ ಅಡ್ಡಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ, ಅದಕ್ಕಿಂತ ಕೆಟ್ಟದ್ದು ಬಿದ್ದ ಕ್ಷಣದಲ್ಲಿ ಮೊಣಕೈ ಪ್ಯಾಡ್ ಪಕ್ಕಕ್ಕೆ ಹೊರಳಿ ಎಲುಬು ನೇರ ರಸ್ತೆಗೆ ಸಿಗುತ್ತದೆ. ಪರೀಕ್ಷೆ ಹೀಗೆ ಮಾಡಿ: ಒಳಗಿನ ಥರ್ಮಲ್ (ಚಳಿಯ) ಮತ್ತು ಮಳೆ ಲೈನರ್, ಅಂದರೆ ಬಿಚ್ಚಬಹುದಾದ ಒಳಪದರ, ಎರಡನ್ನೂ ತೆಗೆದು ಜಾಕೆಟ್ ಹಾಕಿಕೊಳ್ಳಿ, ಏಕೆಂದರೆ ನೀವು ವರ್ಷದ ಹೆಚ್ಚು ದಿನ ಹಾಕುವುದು ಹಾಗೇ. ಜಿಪ್ ಪೂರ್ತಿ ಎಳೆದು, ನಿಮ್ಮ ಬೈಕಿನ ಮೇಲೇ ಕೂತು ಹ್ಯಾಂಡಲ್ ಹಿಡಿಯಿರಿ. ತೋಳು ಮಣಿಕಟ್ಟು ದಾಟಿ ಎರಡು ಬೆರಳು ಮುಂದೆ ಬರಬೇಕು. ಜೊತೆಗಿರುವವರಿಗೆ ಮೊಣಕೈ ಪ್ಯಾಡನ್ನು ಹಿಡಿದು ತಿರುಗಿಸಲು ಹೇಳಿ. ತೋಳಿನ ಪಟ್ಟಿ ಬಿಗಿದ ಮೇಲೂ ಅದು ಅರ್ಧ ಸುತ್ತು ಹೊರಳಿದರೆ ಒಂದು ಸೈಜ್ ಚಿಕ್ಕದು ನೋಡಿ. ಪಟ್ಟಿ ಮೊಣಕೈಯ ಮೇಲೊಂದು, ಕೆಳಗೊಂದು ಇರುವುದು ಒಳ್ಳೆಯದು. ನಿಂತಾಗ ಸ್ವಲ್ಪ ಬಿಗಿ ಅನಿಸುವುದು, ಬೈಕ್ ಮೇಲೆ ಸರಿ ಅನಿಸುವುದು, ಇದೇ ಬೇಕಾದ ಅಳತೆ. ಬೆನ್ನ ಕೆಳಗೆ ಪ್ಯಾಂಟಿಗೆ ಸೇರಿಸುವ ಜಿಪ್ ಅಥವಾ ಬೆಲ್ಟ್‌ಗೆ ಸಿಕ್ಕಿಸುವ ಪಟ್ಟಿ ಇರಲಿ. ಇಲ್ಲದಿದ್ದರೆ ಜಾರುವಾಗ ಜಾಕೆಟ್ ಕಂಕುಳವರೆಗೆ ಮೇಲೇರುತ್ತದೆ. ಕೊಯ್ಲಿನ ಕಾಲದಲ್ಲಿ ಸರ್ವಿಸ್ ರಸ್ತೆಯ ಮೇಲೆ ಮೆಕ್ಕೆಜೋಳ ಹರವಿರುವುದನ್ನು ನೀವೂ ಕಂಡಿರುತ್ತೀರಿ. ಆ ಕಾಳಿನ ಮೇಲೆ 40ರಲ್ಲಿ ಜಾರಿದರೂ ಮೈ ಬಹುದೂರ ಹೋಗುತ್ತದೆ.

ಒಳಗೆ ಏನು ಹಾಕಬೇಕು? ಬೆಳಿಗ್ಗೆಗೆ ಮೈಗಂಟುವ, ತೆಳು, ತುಂಬುತೋಳಿನ ಸಿಂಥೆಟಿಕ್ ಬನಿಯನ್ ಸಾಕು. ಜಾಕೆಟ್ ಮೈಗೆ ಅಂಟುವುದಿಲ್ಲ, ಬಿಚ್ಚಿ ಹಾಕುವುದು ಸುಲಭ. ಮಧ್ಯಾಹ್ನದ ಒದ್ದೆ ಉಪಾಯಕ್ಕೆ ಹತ್ತಿಯೇ ವಾಸಿ, ಹೆಚ್ಚು ನೀರು ಹಿಡಿಯುತ್ತದೆ. ಕಂಕುಳಲ್ಲಿ ಉಜ್ಜಿ ಉರಿ ಬರುತ್ತಿದ್ದರೆ ಬನಿಯನ್ ಮೇಲೆ ಹತ್ತಿ ಟೀ ಶರ್ಟ್ ಹಾಕಿಕೊಳ್ಳಿ.

ಬಣ್ಣ ತಿಳಿ ಬೂದು ಇರಲಿ. ಕೆಂಧೂಳಿಗೆ ಬೇಗ ಕೊಳೆಯಾಗುತ್ತದೆ ನಿಜ, ಆದರೆ ಕಪ್ಪು ಜಾಕೆಟ್ ಬಿಸಿಲು ಹೀರುತ್ತದೆ, ಮುಸ್ಸಂಜೆಯಲ್ಲಿ ಲಾರಿ ಚಾಲಕರ ಕಣ್ಣಿಗೂ ಬೀಳುವುದಿಲ್ಲ. ಮಳೆಗೆ ಒಳಲೈನರ್ ನಂಬಬೇಡಿ. ಹೊರಬಟ್ಟೆ, ಪ್ಯಾಡ್ ಎಲ್ಲ ನೆಂದು ಭಾರವಾಗುತ್ತವೆ, ಲೈನರ್ ಸೇರಿಸಲು ರಸ್ತೆ ಬದಿಯಲ್ಲಿ ಜಾಕೆಟ್ ಬಿಚ್ಚಬೇಕು. ಮೇಲೆ ಹಾಕುವ ಮಾಮೂಲಿ ರೇನ್‌ಕೋಟ್ ಒಂದು ಸೈಜ್ ದೊಡ್ಡದು ತಗೊಂಡು ಬ್ಯಾಗಿನಲ್ಲಿಡಿ, ಮುಂಗಾರಿನ ಮುಂಚಿನ ಗುಡುಗು ಮಳೆಗೂ ಆದೀತು.

ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಒಗೆಯಿರಿ. ಬೆವರಿನ ಉಪ್ಪು ಜಿಪ್ಪಿನ ಸ್ಲೈಡರ್‌ನಲ್ಲಿ ಕಟ್ಟಿ ಅದನ್ನು ಹಿಡಿಸುತ್ತದೆ. ಪ್ಯಾಡ್‌ಗಳನ್ನೆಲ್ಲ ತೆಗೆದು, ಯಾವುದು ಎಡ, ಯಾವುದು ಬಲ ಎಂದು ಫೋಟೋ ತೆಗೆದಿಟ್ಟು, ತಣ್ಣೀರಿನಲ್ಲಿ ಸ್ವಲ್ಪ ಲಿಕ್ವಿಡ್ ಸೋಪು ಹಾಕಿ ಕೈಯಲ್ಲೇ ಒಗೆದು ನೆರಳಿನಲ್ಲಿ ಹರವಿ. ಬ್ಲೀಚ್, ಫ್ಯಾಬ್ರಿಕ್ ಕಂಡಿಷನರ್ ಬೇಡ. ಕೆಲಸದ ಜಾಗದಲ್ಲಿ ಜಾಕೆಟ್ಟನ್ನು ಬೈಕಿನ ಸೀಟಿನ ಮೇಲೆ ಬಿಸಿಲಿಗೆ ಬಿಡುವುದನ್ನು ಮೊದಲು ನಿಲ್ಲಿಸಿ. ನೈಲಾನ್ ನೂಲು ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ, ಪ್ಯಾಡ್ ಬೇಗ ಹಳತಾಗುತ್ತದೆ. ಆರು ತಿಂಗಳಿಗೊಮ್ಮೆ ಪ್ಯಾಡನ್ನು ಮಡಚಿ ನೋಡಿ. ಬಿರುಕು ಕಂಡರೆ, ಪುಡಿ ಉದುರಿದರೆ, ಒತ್ತಿದ ಬೆರಳ ಗುರುತು ಹಾಗೇ ಉಳಿದರೆ ಬದಲಿಸಿ. ಜೋರಾಗಿ ಪೆಟ್ಟು ಬಿದ್ದ ಪ್ಯಾಡನ್ನು, ಹೊರಗೆ ಏನೂ ಕಾಣದಿದ್ದರೂ, ಮತ್ತೆ ಜೇಬಿಗೆ ಹಾಕಬೇಡಿ.