ಸರ್ವ್‌ಲೆಟ್ ಒಂದೇ, ಥ್ರೆಡ್ 200

ಪ್ರಶ್ನೆ: ಟಾಮ್‌ಕ್ಯಾಟ್ (ಜಾವಾ ವೆಬ್ ಸರ್ವರ್) ಮೇಲೆ ಓಡುವ ನಮ್ಮ ಆರ್ಡರ್ ಆ್ಯಪ್‌ನಲ್ಲಿ ಆಗಾಗ ಒಬ್ಬ ಗ್ರಾಹಕರ ವಿಳಾಸ ಇನ್ನೊಬ್ಬರಿಗೆ ಕಾಣಿಸುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿದೆ. ಬ್ರೌಸರಿನದೇ ಸಮಸ್ಯೆಯೇ?
– ಓದುಗರು, ಮಾರತ್‌ಹಳ್ಳಿ

ಬ್ರೌಸರನ್ನು ಬೈಯುವುದು ಬಿಡಿ. ಕಂಪನಿ ಬೇರೆಯಾದರೂ ಪ್ರಶ್ನೆ ಮಾತ್ರ ಇದೇ ಬರುತ್ತಿರುತ್ತದೆ. 'ಪ್ರತಿ ರಿಕ್ವೆಸ್ಟಿಗೂ ಹೊಸ ಸರ್ವ್‌ಲೆಟ್ ಆಬ್ಜೆಕ್ಟ್' ಎಂದು ಯಾವುದಾದರೂ ಕೋಚಿಂಗ್ ಸೆಂಟರಿನವರು ಬರೆಸಿದ್ದರೆ ಆ ನೋಟ್ಸನ್ನು ರದ್ದಿಗೆ ಹಾಕಿ. ಸರ್ವ್‌ಲೆಟ್ ಎಂದರೆ ರಿಕ್ವೆಸ್ಟಿಗೆ ಉತ್ತರಿಸುವ ಜಾವಾ ಕ್ಲಾಸ್; ಅದರ ಆಬ್ಜೆಕ್ಟ್ ಒಂದೇ. ರಿಕ್ವೆಸ್ಟಿಗೆ ಸಿಗುವುದು ಪೂಲಿನ ಒಂದು ಥ್ರೆಡ್, ಅಂದರೆ ಕೋಡ್ ಓಡಿಸುವ ಗುಂಪಿನ ಒಬ್ಬ ಕೆಲಸಗಾರ; ನೀವು ಏನೂ ಬದಲಿಸಿರದಿದ್ದರೆ ಅಂಥವು ಗರಿಷ್ಠ 200. ಸ್ಪ್ರಿಂಗ್ ಫ್ರೇಮ್‌ವರ್ಕಿನ ಕಂಟ್ರೋಲರ್, ಸರ್ವಿಸ್‌ಗಳೂ ಡೀಫಾಲ್ಟಾಗಿ ಹೀಗೆಯೇ ಒಂದೊಂದೇ.

ಈಗ ಕ್ಲಾಸಿನ ಮೇಲ್ಭಾಗ ನೋಡಿ. ಅಲ್ಲಿ ಗ್ರಾಹಕರ ಐಡಿಗೆ ಒಂದು ಫೀಲ್ಡ್ (ಇಡೀ ಆಬ್ಜೆಕ್ಟಿಗೆ ಸೇರಿದ ವೇರಿಯಬಲ್) ಇಟ್ಟಿರುತ್ತೀರಿ. ಮೊದಲ ಥ್ರೆಡ್ ಅದರಲ್ಲಿ ತನ್ನ ಐಡಿ ಬರೆದು ಡೇಟಾಬೇಸಿಗೆ ಕಾಯುವಷ್ಟರಲ್ಲಿ ಎರಡನೆಯದು ಬಂದು ಅದರ ಮೇಲೆಯೇ ಬರೆಯುತ್ತದೆ. ಹೋಟೆಲಿನ ಸಪ್ಲೈಯರ್‌ಗಳೆಲ್ಲ ಒಂದೇ ಸ್ಲೇಟಿನಲ್ಲಿ ಒರೆಸಿ ಒರೆಸಿ ಆರ್ಡರ್ ಬರೆದರೆ ಮಸಾಲೆ ದೋಸೆ ಯಾರ ಟೇಬಲ್ಲಿಗೆ ಹೋದೀತು? ಲ್ಯಾಪ್‌ಟಾಪಿನಲ್ಲಿ ನೀವೊಬ್ಬರೇ ಒತ್ತುವುದರಿಂದ ಇದು ಕಾಣುವುದಿಲ್ಲ.

ಕಾಣಬೇಕೆಂದರೆ, ಟೆಸ್ಟ್ ಸರ್ವರಿನಲ್ಲಿ ಫೀಲ್ಡಿಗೆ ಬರೆಯುವ ಸಾಲಿಗೂ ಓದುವ ಸಾಲಿಗೂ ನಡುವೆ 3 ಸೆಕೆಂಡಿನ ಸ್ಲೀಪ್ ಹಾಕಿ. ಎರಡು ಬೇರೆ ಬ್ರೌಸರುಗಳಲ್ಲಿ ಎರಡು ಲಾಗಿನ್ ಮಾಡಿ, ಒಂದು ಸೆಕೆಂಡಿನ ಅಂತರದಲ್ಲಿ ಒತ್ತಿ. ಒಂದೇ ಬ್ರೌಸರಿನ ಎರಡು ಟ್ಯಾಬ್ ಬೇಡ. ಒಂದೇ ವಿಳಾಸಕ್ಕೆ ಹೋಗುವ ರಿಕ್ವೆಸ್ಟುಗಳನ್ನು ಕ್ರೋಮ್ ಕೆಲವೊಮ್ಮೆ ಸರದಿಯಲ್ಲಿ ನಿಲ್ಲಿಸುತ್ತದೆ, ನೀವು 'ಸರಿಯಾಗಿದೆ' ಎಂದು ಮನೆಗೆ ಹೋಗುತ್ತೀರಿ. ಪರಿಹಾರ ಸರಳ: ಫೀಲ್ಡ್ ಅಳಿಸಿ, ಐಡಿಯನ್ನು ಮೆಥಡ್‌ನೊಳಗಿನ ಲೋಕಲ್ ವೇರಿಯಬಲ್ ಮಾಡಿ, ಮುಂದಿನ ಮೆಥಡ್‌ಗೆ ಪ್ಯಾರಾಮೀಟರಾಗಿ ಕೊಡಿ. ಹಾಗೆಯೇ ತಾರೀಖು ಬರೆಯಲು ಸ್ಟ್ಯಾಟಿಕ್ (ಎಲ್ಲರಿಗೂ ಒಂದೇ) ಸಿಂಪಲ್‌ಡೇಟ್‌ಫಾರ್ಮ್ಯಾಟ್ ಇದ್ದರೆ ತೆಗೆದು ಡೇಟ್‌ಟೈಮ್‌ಫಾರ್ಮ್ಯಾಟರ್ ಹಾಕಿ. ಹಳೆಯದನ್ನು ಥ್ರೆಡ್‌ಗಳು ಹಂಚಿಕೊಂಡರೆ ತಾರೀಖೇ ಕಲಸಿಹೋಗುತ್ತದೆ.

ಡುಗೆಟ್ (ರಿಕ್ವೆಸ್ಟಿಗೆ ಉತ್ತರಿಸುವ ಮೆಥಡ್) ಮೇಲೆ ಸಿಂಕ್ರೊನೈಸ್ಡ್ (ಒಮ್ಮೆಗೆ ಒಂದೇ ಥ್ರೆಡ್ ಒಳಗೆ ಎಂಬ ಬೀಗ) ಅಂಟಿಸುವ ಸಲಹೆಗಾರರನ್ನು ದೂರವಿಡಿ. ಒಂದು ರಿಕ್ವೆಸ್ಟಿಗೆ 200 ಮಿಲಿಸೆಕೆಂಡ್ ಹಿಡಿದರೆ ಆ ಸರ್ವ್‌ಲೆಟ್ ಸೆಕೆಂಡಿಗೆ ಐದಕ್ಕಿಂತ ಹೆಚ್ಚು ಮುಗಿಸಲಾರದು. ಉಳಿದ ಥ್ರೆಡ್‌ಗಳು ಬಾಗಿಲಲ್ಲಿ ನಿಂತಿರುತ್ತವೆ.

ಫೀಲ್ಡ್ ಎಲ್ಲಿಯೂ ಸಿಗಲಿಲ್ಲವೇ? ಥ್ರೆಡ್‌ಲೋಕಲ್ (ಪ್ರತಿ ಥ್ರೆಡ್‌ನ ಸ್ವಂತ ಜೇಬು) ಹುಡುಕಿ. ಸರ್ವ್‌ಲೆಟ್‌ಗೆ ಮುಂಚೆ ಓಡುವ ಫಿಲ್ಟರ್ ಬಳಕೆದಾರರನ್ನು ಅದರಲ್ಲಿ ಇಡುತ್ತದೆ, ನಡುವೆ ಎಕ್ಸೆಪ್ಷನ್ ಬಂದು ರಿಮೂವ್ ಕರೆಯುವ ಸಾಲು ತಪ್ಪಿಹೋಗುತ್ತದೆ, ಥ್ರೆಡ್ ಪೂಲಿಗೆ ಮರಳಿ ಮುಂದಿನವರಿಗೆ ಹಳಬರ ಎಂಜಲು ಬಡಿಸುತ್ತದೆ. ಆ ಸಾಲು ಎಕ್ಸೆಪ್ಷನ್ ಬಂದರೂ ಓಡುವ ಫೈನಲಿ ಬ್ಲಾಕಿನಲ್ಲೇ ಇರಬೇಕು. ಲಾಗ್‌ನಲ್ಲಿ ಥ್ರೆಡ್ ಹೆಸರು ಬರುವಂತೆ ಮಾಡಿ. ವಿಳಾಸದ ನಿಜವಾದ ವಾರಸುದಾರರ ರಿಕ್ವೆಸ್ಟನ್ನು ಸ್ವಲ್ಪ ಮುಂಚೆ ಅದೇ ಥ್ರೆಡ್ ಮುಗಿಸಿದ್ದರೆ ಅನುಮಾನ ಥ್ರೆಡ್‌ಲೋಕಲ್ ಮೇಲೆ. ಅವರ ರಿಕ್ವೆಸ್ಟ್ ಅದೇ ಹೊತ್ತಿನಲ್ಲಿ ಬೇರೆ ಥ್ರೆಡ್‌ನಲ್ಲಿ ಓಡುತ್ತಿದ್ದರೆ ಫೀಲ್ಡ್ ಮೇಲೆ. ಎರಡೂ ಅಲ್ಲ, ಆ್ಯಪ್ ಸರಿಯಾದ ವಿಳಾಸವನ್ನೇ ಕಳಿಸಿದೆ ಎಂದಾದರೆ ಮಾತ್ರ ಸರ್ವರಿನ ಮುಂದಿರುವ ಪ್ರಾಕ್ಸಿಯ ಕ್ಯಾಶ್ (ಉಳಿಸಿಟ್ಟ ಹಳೆಯ ಉತ್ತರ) ನೋಡಿ. ದೋಷ ಸಿಗುವ ತನಕ ವಿಳಾಸದ ಪುಟವನ್ನು ಮುಚ್ಚಿಡಿ. ಬೇರೆಯವರ ಮನೆ ವಿಳಾಸ ಸೋರುತ್ತಿದೆ.

ಪ್ರಶ್ನೆ: ಮ್ಯಾಕ್ಸ್‌ಥ್ರೆಡ್ಸ್ (ಥ್ರೆಡ್‌ಗಳ ಗರಿಷ್ಠ ಸಂಖ್ಯೆ) 1000 ಮಾಡಿದರೂ ಸೈಟ್ ನಿಧಾನ. ಯಾಕೆ?

ಡೇಟಾಬೇಸ್ ಕನೆಕ್ಷನ್ ಹಂಚುವ ಹಿಕಾರಿ ಪೂಲಿನಲ್ಲಿ ಡೀಫಾಲ್ಟಾಗಿ ಇರುವುದು 10 ಕನೆಕ್ಷನ್. ಡೇಟಾಬೇಸ್ ಬೇಕಾದ ಉಳಿದವರು ಅಲ್ಲಿ 30 ಸೆಕೆಂಡ್ ಕಾದು ಎರರ್ ತಿನ್ನುತ್ತಾರೆ. ಮೊದಲು ಕ್ವೆರಿ ಸರಿಮಾಡಿ.

ಪ್ರಶ್ನೆ: ಜಾವಾ 21ರ ವರ್ಚುವಲ್ ಥ್ರೆಡ್ (ಹಗುರ ಥ್ರೆಡ್) ಹಾಕಿದರೆ ಡೇಟಾ ಬೆರೆಯುವುದು ನಿಲ್ಲುತ್ತದೆಯೇ?

ಇಲ್ಲ. ಸ್ಲೇಟು ಒಂದೇ, ಬರೆಯುವವರು ಇನ್ನೂ ಹೆಚ್ಚು.

ಪ್ರಶ್ನೆ: ಸರ್ವರ್ ಹ್ಯಾಂಗ್ ಆಗುತ್ತದೆಂದು ದಿನಾ ರಾತ್ರಿ ರಿಸ್ಟಾರ್ಟ್ ಮಾಡುತ್ತೇವೆ. ತಪ್ಪೇ?

ಹ್ಯಾಂಗ್ ಆಗಿರುವಾಗಲೇ 10 ಸೆಕೆಂಡಿಗೊಮ್ಮೆ ಮೂರು ಸಲ ಜೆಸ್ಟ್ಯಾಕ್ (ಪ್ರತಿ ಥ್ರೆಡ್ ಯಾವ ಸಾಲಿನಲ್ಲಿದೆ ಎಂದು ತೋರಿಸುವ ಕಮಾಂಡ್) ತೆಗೆದು ಫೈಲಿಗೆ ಹಾಕಿ. ಮೂರರಲ್ಲೂ ಒಂದೇ ಸಾಲಿನಲ್ಲಿ ನಿಂತ 'ಎಕ್ಸೆಕ್' ಹೆಸರಿನ ಥ್ರೆಡ್‌ಗಳನ್ನು (ಟಾಮ್‌ಕ್ಯಾಟ್ ಪೂಲಿನವು) ನೋಡಿ, ಆಮೇಲೆ ಬರೆಯಿರಿ.