ಅಜ್ಜಿಯ ಅಡಕತ್ತರಿ

ಹುಡುಗನ ತಂದೆ ಕಲಬುರಗಿಯ ಕಪನೂರಿನ ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವರು. ಗುರುತು ಸಿಗಬಾರದೆಂದು ಉಳಿದ ವಿವರಗಳನ್ನು ಬದಲಿಸಿದ್ದೇನೆ. ನಾಲ್ಕು ವರ್ಷದ ಮಗ ಶಾಲೆಯಲ್ಲಿ ದಿನವಿಡೀ ಮೂತ್ರ ಕಟ್ಟಿಕೊಂಡು ಕೂರುತ್ತಾನೆ, ಚಡ್ಡಿಗೆ ಕೈ ಹಚ್ಚಿದರೆ ಚೀರುತ್ತಾನೆ ಎಂಬುದು ದೂರು. ಸೋಂಕಿಲ್ಲ, ಗಾಯವಿಲ್ಲ ಎಂದು ಮಕ್ಕಳ ವೈದ್ಯರು ಖಚಿತಪಡಿಸಿಕೊಂಡೇ ಆಪ್ತಸಮಾಲೋಚನೆಗೆ ನನ್ನಲ್ಲಿಗೆ ಕಳುಹಿಸಿದ್ದರು.

ಆಡಲು ಗೊಂಬೆ ಕೊಟ್ಟೆ. ಅದರ ಅಂಗಿ ಜಾರಿದ ಕೂಡಲೇ ಹುಡುಗ ಎರಡೂ ಕೈಗಳಿಂದ ಗೊಂಬೆಯ ತೊಡೆಸಂದಿ ಮುಚ್ಚಿ, ‘ಆಯಿ ಕತ್ತರಿಸುತ್ತಾಳೆ’ ಎಂದ. ಟಿ.ವಿ. ನೋಡುವಾಗ, ನಿದ್ದೆ ಹತ್ತುವಾಗ ಅವನು ಶಿಶ್ನ ಹಿಡಿದುಕೊಳ್ಳುತ್ತಿದ್ದನಂತೆ. ಅವನು ಆಯಿ ಎಂದು ಕರೆಯುವ ಅಜ್ಜಿ ಒಂದು ಸಂಜೆ ಕತ್ತರಿಸಿಬಿಡುತ್ತೇನೆಂದು ಅಡಕತ್ತರಿ ತೋರಿಸಿ ಹೆದರಿಸಿದ್ದರು. ಮನೆಯವರೆಲ್ಲ ನಕ್ಕಿದ್ದರು, ಮಗು ನಂಬಿತ್ತು.

ಈ ವಯಸ್ಸಿನ ಮಕ್ಕಳು ಹೀಗೆ ಮುಟ್ಟಿಕೊಳ್ಳುವುದು ಸಾಮಾನ್ಯ. ಬೆರಳು ಚೀಪಿದಂತೆ ಅದೂ ಒಂದು ಸಮಾಧಾನ. ದೊಡ್ಡವರ ಕಾಮ ಅದರಲ್ಲಿಲ್ಲ. ‘ಈಗಲೇ ಇದನ್ನೆಲ್ಲ ಹೇಳಿಕೊಟ್ಟರೆ ಹುಡುಗ ಕೆಡುವುದಿಲ್ಲವೇ ಮೇಡಂ?’ ಎಂದು ತಾಯಿ ಕೇಳಿದರು. ನನಗಿರುವ ಭಯ ಬೇರೆಯೇ. ಆ ಅಂಗದ ಮಾತೆತ್ತಿದರೆ ಬೈಗುಳ ಎಂದು ಕಲಿತ ಮಗು, ನಾಳೆ ಯಾರಾದರೂ ಅಲ್ಲಿ ಕೈ ಹಾಕಿದರೂ ಮನೆಯಲ್ಲಿ ಹೇಳುವುದಿಲ್ಲ.

ಆದ್ದರಿಂದ ‘ಶೇಮ್ ಶೇಮ್’ ನಿಲ್ಲಿಸಿ, ಸ್ನಾನ ಮಾಡಿಸುವಾಗ ಕಿವಿ, ಮೂಗಿನಂತೆ ಅದರ ಹೆಸರನ್ನೂ ಹೇಳಿ ಎಂದೆ. ನಾಲ್ಕು ಜನರೆದುರು ಮುಟ್ಟಿಕೊಂಡರೆ, ‘ಇದು ಒಬ್ಬನೇ ಇದ್ದಾಗ’ ಎಂದು ಹೇಳಿ ಕೈಗೊಂದು ಆಟಿಕೆ ಕೊಟ್ಟರೆ ಸಾಕು. ತೊಳೆಯಲು ಅವ್ವ, ಅಪ್ಪ, ಆಯಿ, ಪರೀಕ್ಷಿಸಲು ಅವರ ಎದುರಿನಲ್ಲಿ ವೈದ್ಯರು, ಮತ್ತಾರೂ ಮುಟ್ಟುವಂತಿಲ್ಲ. ಗುಟ್ಟಾಗಿಡು ಎಂದು ಯಾರೇ ಹೇಳಿದರೂ, ಮಾಮನೇ ಆಗಿರಲಿ, ಮನೆಯಲ್ಲಿ ಹೇಳಬೇಕು.

ಮಗು ದೊಡ್ಡವರ ಲೈಂಗಿಕ ಕ್ರಿಯೆಯನ್ನೇ ಅನುಕರಿಸಿದರೆ, ನೋವು, ರಕ್ತ ಕಂಡರೆ, ಒಬ್ಬ ವ್ಯಕ್ತಿಯನ್ನು ಕಂಡು ಬೆದರಿದರೆ ಮಾತ್ರ ತಡಮಾಡಬಾರದು. ವೈದ್ಯರಿದ್ದಾರೆ, ಮಕ್ಕಳ ಸಹಾಯವಾಣಿ 1098 ಇದೆ. ದೌರ್ಜನ್ಯ ಗೊತ್ತಾದ ಮೇಲೆ ಮುಚ್ಚಿಡುವುದು, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಡಿ ಅಪರಾಧ.

ಅಜ್ಜಿಯನ್ನೂ ಕರೆಸಿದೆ. ‘ನಾವು ಐದು ಮಕ್ಕಳನ್ನು ಹೀಗೆಯೇ ಬೆಳೆಸಲಿಲ್ಲವೇ?’ ಎಂದು ಗೊಣಗಿದರೂ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ಕತ್ತರಿಸುವುದಿಲ್ಲ ನನ್ನಪ್ಪ, ಸುಳ್ಳು ಹೇಳಿದ್ದೆ’ ಎಂದರು. ಹೆದರಿಸಿದವರ ಬಾಯಿಂದಲೇ ಆ ಮಾತು ಬರಬೇಕಿತ್ತು. ಶಾಲೆಯ ಶಿಕ್ಷಕಿಗೂ ತಿಳಿಸಿದೆವು. ಈಗ ಕರೆದರೆ ಶೌಚಾಲಯಕ್ಕೆ ಹೋಗುತ್ತಾನೆ.

ತಂದೆಯ ಚಿಂತೆ ಇನ್ನೊಂದಿದೆ: ಮಗ ಅಕ್ಕನ ಬಳೆ ತೊಟ್ಟು ಅಡುಗೆ ಆಟ ಆಡುತ್ತಾನೆ. ಆಡಲಿ ಬಿಡಿ, ಅದರಿಂದ ಏನೂ ತೀರ್ಮಾನವಾಗುವುದಿಲ್ಲ ಎಂದರೆ ಅವರು ಒಪ್ಪಿಲ್ಲ. ಮುಂದಿನ ಭೇಟಿಗೆ ಅವರೊಬ್ಬರನ್ನೇ ಬರಹೇಳಿದ್ದೇನೆ.