ಶಿವಮೊಗ್ಗದ ಹತ್ತಿರ ಬಂಡೆಯಲ್ಲಿ ಗೂಡು ಕಟ್ಟುವ ಹಕ್ಕಿ ಎಲ್ಲಿ ನೋಡಬಹುದು?

ಇಂಗ್ಲೆಂಡಿನ ಕಡಲ ಬಂಡೆಗಳ ಮೇಲೆ ಹಕ್ಕಿಗಳು ಒತ್ತೊತ್ತಾಗಿ ಗೂಡು ಕಟ್ಟಿರುವ ವಿಡಿಯೋ ನೋಡಿ, ಶಿವಮೊಗ್ಗದಿಂದ ಒಂದೇ ದಿನದಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಅಂಥದ್ದೇನಾದರೂ ಇದೆಯಾ ಅಂತ ಕೇಳಿದ್ದೀರಿ. ಅದೇ ಹಕ್ಕಿಗಳು ಸಿಗೋದಿಲ್ಲ. ಪಫಿನ್, ಗ್ಯಾನೆಟ್‌ನಂಥ ಅಲ್ಲಿನ ಕಡಲಹಕ್ಕಿಗಳೆಲ್ಲ ಉತ್ತರ ಅಟ್ಲಾಂಟಿಕ್‌ನ ತಣ್ಣನೆ ಕಡಲಿನವು. ಚಳಿಗಾಲದಲ್ಲಿ ನಮ್ಮ ಕಾರವಾರ, ಮಲ್ಪೆ ಕಡೆ ಬರುವ ಕಂದು ತಲೆಯ ಸೀಗಲ್‌ಗಳು ಕೂಡ ಇಲ್ಲಿ ಮೊಟ್ಟೆ ಇಡೋದಿಲ್ಲ, ಲಡಾಖ್, ಟಿಬೆಟ್‌ನ ಸರೋವರಗಳಿಗೆ ವಾಪಸ್ ಹೋಗುತ್ತವೆ.

ಆದರೆ ಆ ವಿಡಿಯೋದಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಎರಡು ಅಲ್ವಾ? ಒಂದು ಕಡಿದಾದ ಬಂಡೆ, ಇನ್ನೊಂದು ಹಕ್ಕಿಗಳ ಸಂತೆ. ಎರಡೂ ನಮ್ಮ ಮಲೆನಾಡಿನಲ್ಲೇ ಇವೆ. ಒಂದೇ ಜಾಗದಲ್ಲಿ ಇಲ್ಲ ಅಷ್ಟೆ.

ಬಂಡೆಗೆ ಜೋಗ. 253 ಮೀಟರ್ ಎತ್ತರ. ನಿಮ್ಮ ವಿಡಿಯೋದಲ್ಲಿದ್ದದ್ದು ಯಾರ್ಕ್‌ಷೈರ್‌ನ ಬೆಂಪ್ಟನ್ ಆಗಿದ್ದರೆ, ಅದು ಸುಮಾರು 100 ಮೀಟರ್. ಜೋಗಕ್ಕೆ ಹೋದವರು ನೀರು ನೋಡಿ ಫೋಟೋ ತೆಗೆದು ಬರುತ್ತಾರೆ. ನೀವು ನೀರಿನ ಪಕ್ಕದ ಬಂಡೆ ನೋಡಿ. ಅದರ ಸಂದುಗಳಲ್ಲಿ ಆಲ್ಪೈನ್ ಸ್ವಿಫ್ಟ್ ಅನ್ನೋ ಹಕ್ಕಿ ಗೂಡು ಕಟ್ಟುತ್ತದೆ. ಕುಡುಗೋಲಿನ ಹಾಗೆ ಬಾಗಿದ ರೆಕ್ಕೆ, ಬಿಳಿ ಹೊಟ್ಟೆ, ಎದೆಗೆ ಅಡ್ಡವಾಗಿ ಒಂದು ಕಂದು ಪಟ್ಟಿ. ಗೂಡಿಗೆ ಬೇಕಾದ ಗರಿ, ಹುಲ್ಲಿನ ಎಸಳನ್ನು ಗಾಳಿಯಲ್ಲೇ ಹಿಡಿದು ತಂದು ಎಂಜಲಿನಿಂದ ಬಂಡೆಗೆ ಅಂಟಿಸುತ್ತದೆ. ಈ ಜಾತಿಯ ಹಕ್ಕಿ ಆರು ತಿಂಗಳಿಗಿಂತ ಜಾಸ್ತಿ ಎಲ್ಲೂ ಕೂರದೆ ಹಾರಬಲ್ಲದು ಅಂತ 2013ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ತೋರಿಸಿದರು. ಸಂಜೆ ಹೊತ್ತು ಕತ್ತಲಾಗುವ ಮುಂಚೆ ಅವು ಬಂಡೆಗೆ ಮರಳುವಾಗ ನೋಡಬೇಕು. ಮಳೆ ಜೋರಿರುವಾಗ ಮಂಜು ಕವಿದು ಏನೂ ಕಾಣೋದಿಲ್ಲ, ಅಕ್ಟೋಬರ್ ಆದಮೇಲೆ ಹೋಗಿ.

ಸಂತೆಗೆ ಮಂಡಗದ್ದೆ. ಒಂದೇ ಕಡೆ ಹೋಗೋದಾದರೆ ನಾನು ಇದನ್ನೇ ಹೇಳುತ್ತೇನೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್, ತುಂಗೆಯ ನಡುವೆ ಪುಟ್ಟದೊಂದು ನಡುಗಡ್ಡೆ. ಮಳೆಗಾಲದಲ್ಲಿ ಹೊಳೆ ತುಂಬಿ ಸುತ್ತ ನೀರಾದಾಗ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲ ಅಲ್ಲಿನ ಮರಗಳ ಮೇಲೆ ಸಂಸಾರ ಹೂಡುತ್ತವೆ. ಇಂಗ್ಲೆಂಡಿನಲ್ಲಿ ಕಡಲ ಬಂಡೆ ಏನು ಕೆಲಸ ಮಾಡುತ್ತದೋ ಇಲ್ಲಿ ತುಂಗೆ ಅದನ್ನೇ ಮಾಡುತ್ತಾಳೆ, ಕಾಡುಬೆಕ್ಕು, ನರಿ ಗೂಡಿನ ತನಕ ಬರೋದು ಸುಲಭ ಅಲ್ಲ. ದಡದಲ್ಲಿ ನಿಂತು ಒಂದೇ ಗೂಡನ್ನು ಅರ್ಧ ಗಂಟೆ ನೋಡಿ. ಬೆಳ್ಳಕ್ಕಿ ಮರಿ ತಾಯಿಯ ಕೊಕ್ಕನ್ನು ಅಡ್ಡಕ್ಕೆ ಕಚ್ಚಿ ಕೆಳಗೆ ಎಳೆದು ಮೀನು ಕಕ್ಕಿಸಿಕೊಳ್ಳುತ್ತದೆ. ನೀರುಕಾಗೆ ಮರಿ ತಲೆಯನ್ನೇ ತಾಯಿಯ ಗಂಟಲೊಳಗೆ ತೂರಿಸಿಬಿಡುತ್ತದೆ! ಎಷ್ಟು ಸಲ ನೋಡಿದರೂ ನನಗೆ ಸಾಕಾಗೋದಿಲ್ಲ. ಜುಲೈಯಿಂದ ಅಕ್ಟೋಬರ್ ಒಳಗೆ ಹೋಗಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8×42 ಬೈನಾಕ್ಯುಲರ್ ಸಾಕು. ದಯವಿಟ್ಟು ಅಲ್ಲಿ ಹಾರ್ನ್ ಹೊಡೆಯಬೇಡಿ, ಸುಮ್ನೆ ಚಪ್ಪಾಳೆ ತಟ್ಟಿ ಎಬ್ಬಿಸಬೇಡಿ. ದೊಡ್ಡ ಹಕ್ಕಿ ಎದ್ದ ಕೂಡಲೇ ಕಾಗೆ ಬಂದು ಮೊಟ್ಟೆ ಎತ್ತಿಕೊಂಡು ಹೋಗುತ್ತದೆ.

ಇಲ್ಲ, ಕಡಲೇ ಬೇಕು ಅಂದರೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಇದೆ. ಅಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಮಳೆಗಾಲ ಮುಗಿದ ಮೇಲೆ ಡೈವಿಂಗ್‌ನವರ ದೋಣಿಗಳು ಆ ಕಡೆ ಹೋಗುತ್ತವೆ, ದೋಣಿಯಿಂದಲೇ ತಲೆ ಎತ್ತಿ ನೋಡಿ.

ಮುಂದೆ ಯಾವತ್ತಾದರೂ ಇಂಗ್ಲೆಂಡಿಗೇ ಹೋಗುವ ಅವಕಾಶ ಸಿಕ್ಕರೆ ಜೂನ್‌ಗೆ ಟಿಕೆಟ್ ಮಾಡಿಸಿ. ಆಗಸ್ಟ್ ಹೊತ್ತಿಗೆ ಪಫಿನ್‌ಗಳು ಬಂಡೆ ಬಿಟ್ಟು ಕಡಲಿಗೆ ಹೊರಟಿರುತ್ತವೆ.